ಸುಣ್ಣದ ಗೂಡು ಕಟ್ಟಲು ಸಿಂಹಳಕ್ಕೆ ಹೋದದ್ದು

ಧನುಷ್ಕೋಡಿ

ನಮ್ಮ ಚಾಮರಾಜನಗರದ ಕಡೆಯವರು ನೀರಿನ ಮೇಲೆ ಓಡಾಡುವ ಜನ ಅಲ್ಲ. ನಮಗೆ ದೊಡ್ಡ ನೀರು ಎಂದರೆ ಕೆರೆ. ಅದೂ ಮಳೆ ಕೈಕೊಟ್ಟ ವರ್ಷ ಎಮ್ಮೆಯ ಹೊಟ್ಟೆ ನೆನೆಯುವಷ್ಟೇ ಇರುತ್ತದೆ. ಹರದನಹಳ್ಳಿ ದಾರಿಯಲ್ಲಿ ಒಂದು ಸುಣ್ಣದ ಗೂಡು ಇಟ್ಟುಕೊಂಡು, ಮದುವೆ ಮನೆಯ ಗೋಡೆಗಳಿಗೆ ಬಳಿಯುವ ಸುಣ್ಣವನ್ನೂ ಎಲೆಯಡಿಕೆಗೆ ಹಚ್ಚುವ ಸುಣ್ಣವನ್ನೂ ಮಾರಿಕೊಂಡಿದ್ದ ನಾನು ಸಮುದ್ರ ದಾಟಿ ಸಿಂಹಳಕ್ಕೆ ಹೋಗುತ್ತೇನೆ ಎಂದಾಗ ಬೀದಿಯ ಜನ ನನ್ನನ್ನು ನೋಡುವ ರೀತಿಯೇ ಬದಲಾಯಿತು. ಹನುಮಂತನ ನಂತರ ನೀನೇ ಎಂದು ಗಂಡಸರು ಹಾಸ್ಯ ಮಾಡಿದರು. ಹೆಂಗಸರು ಮಾತ್ರ ಕೆಲಸದ ಮಾತಾಡಿದರು. ಆ ದ್ವೀಪದಲ್ಲಿ ಹವಳ ದಂಡಿಯಾಗಿ ಸಿಗುತ್ತದಂತೆ, ಬರುವಾಗ ಒಂದೊಂದು ಸರಕ್ಕಾಗುವಷ್ಟು ತಂದುಕೊಡು ಎಂದರು. ನನ್ನ ಹೆಂಡತಿ ತನಗೆ ಎರಡು ಸರ ಎಂದಳು.

ಹೊರಡಲು ಕಾರಣ ನನ್ನ ಭಾವ. ಅಕ್ಕ ಗೌರಮ್ಮನನ್ನು ಗುಂಡ್ಲುಪೇಟೆಯ ನಂಜಪ್ಪನವರಿಗೆ ಕೊಟ್ಟಿದೆ. ಅವರು ಹರೆಯದಲ್ಲಿ ಯಾರೋ ಮೆಣಸಿನ ವ್ಯಾಪಾರಿಯ ಬೆನ್ನು ಹಿಡಿದು ಕೊಲಂಬೊಗೆ ಹೋದವರು, ಅಲ್ಲೇ ನಿಂತುಬಿಟ್ಟರು. ಈಚೆಗೆ ದ್ವೀಪದ ದಕ್ಷಿಣದ ಕರಾವಳಿಯಲ್ಲಿ ಒಂದು ಹಳ್ಳಿ ಸೇರಿ ಸುಣ್ಣದ ವ್ಯಾಪಾರ ಹಿಡಿದಿದ್ದರು. ಇಲ್ಲಿಯವರು ಗುಂಡಿ ತೋಡಿ ಸುಣ್ಣ ಸುಡುತ್ತಾರೆ, ಸೌದೆ ವಿಪರೀತ ತಿನ್ನುತ್ತದೆ, ಸುಣ್ಣವೂ ಬೂದಿ ಬಣ್ಣಕ್ಕೆ ಬರುತ್ತದೆ, ನಮ್ಮ ಕಡೆಯಂಥ ಎತ್ತರದ ಗೂಡು ಒಂದನ್ನು ಕಟ್ಟಿಕೊಟ್ಟು ಹೋಗು ಎಂದು ನನಗೆ ಹೇಳಿಕಳಿಸಿದರು. ಗೂಡಿನ ಬುಡದಲ್ಲಿ ಗಾಳಿಗೆ ಎಷ್ಟು ಕಂಡಿ ಬಿಡಬೇಕು, ಕಲ್ಲಿನ ಮೇಲೆ ಸೌದೆ ಹೇಗೆ ಪೇರಿಸಬೇಕು ಎನ್ನುವುದು ನನಗೆ ಬಾಯಿಪಾಠ. ಊರಲ್ಲಿ ಯಾರೂ ಕೇಳದಿದ್ದ ನನ್ನ ವಿದ್ಯೆಯನ್ನು ಕೇಳಲು ಒಂದು ಹೊರದೇಶವೇ ಬೇಕಾಯಿತಲ್ಲ ಎಂದು ಒಳಗೊಳಗೇ ಬೀಗಿದೆ.

ಆ ಬೀಗುವಿಕೆಯನ್ನು ಧನುಷ್ಕೋಡಿಯ ಸುಂಕದ ಅಧಿಕಾರಿ ಇಳಿಸಿದ. ಅಕ್ಕನಿಗೆಂದು ಒಯ್ಯುತ್ತಿದ್ದ ರಾಗಿಹಿಟ್ಟಿನ ಗಂಟು ಬಿಚ್ಚಿ, ಇದೇನು, ಮದ್ದಿನ ಪುಡಿಯೇ ಎಂದ. ತಿನ್ನುವ ಹಿಟ್ಟು ಎಂದೆ. ಹಾಗಾದರೆ ತಿನ್ನು ಎಂದ. ಹಸಿಹಿಟ್ಟನ್ನು ನೀರಲ್ಲಿ ಕಲಸಿ ಅವನ ಮುಂದೆಯೇ ಒಂದು ಉಂಡೆ ನುಂಗಿದೆ. ಆಮೇಲೆ ವಿಭೂತಿ ಸಿಕ್ಕಿತು. ಅದನ್ನು ಹಣೆಗೆ ಹಚ್ಚಿ ತೋರಿಸಿದೆ. ಕೊನೆಗೆ ನಮ್ಮ ಗೂಡಿನ ಸುಣ್ಣದ ಪೊಟ್ಟಣ ಸಿಕ್ಕಿತು. ಇದನ್ನು ತಿನ್ನುತ್ತೀಯೋ ಹಚ್ಚುತ್ತೀಯೋ ಎಂದು ಕೇಳಿದ. ಎರಡೂ ಉಂಟು ಎಂದೆ. ಇಂಥ ಮನುಷ್ಯ ಎಲ್ಲಿಗೆ ಬೇಕಾದರೂ ಹೋಗಲಿ ಎನ್ನುವ ಹಾಗೆ ಕೈ ಬೀಸಿದ. ಹಡಗು ಹೊರಟು ಸ್ವಲ್ಪ ಹೊತ್ತಿಗೆಲ್ಲ ಆ ರಾಗಿಯ ಉಂಡೆ ಸಮುದ್ರದ ಪಾಲಾಯಿತು.

ಕೊಲಂಬೊ

ಕೊಲಂಬೊ ಬಹಳ ಚೊಕ್ಕಟವಾದ ಊರು. ಅಲ್ಲಿಯ ಜನ ಮೆಲ್ಲಗೆ ಮಾತಾಡುತ್ತಾರೆ. ನಮ್ಮ ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗ ಆಗುವಷ್ಟು ಗದ್ದಲ ಅಲ್ಲಿ ಬೀದಿಜಗಳದಲ್ಲೂ ಆಗುವುದಿಲ್ಲ. ವಯಸ್ಸಾದ ಕೆಲವು ಗಂಡಸರು ಕೂದಲು ಗಂಟು ಹಾಕಿ ಮೇಲೊಂದು ಬಾಚಣಿಗೆ ಸಿಕ್ಕಿಸಿಕೊಂಡಿರುತ್ತಾರೆ. ಮರೆತು ಬಂದಿರಬೇಕೆಂದು ನಾನು ಒಬ್ಬರಿಗೆ ಸನ್ನೆ ಮಾಡಿ ತೋರಿಸಿದೆ. ಅವರು ನಕ್ಕು, ನನ್ನ ಹಣೆಯ ವಿಭೂತಿಯನ್ನು ತೋರಿಸಿ, ಒರೆಸಿಕೋ ಎಂದು ತಿರುಗಿ ಸನ್ನೆ ಮಾಡಿದರು. ಅಲ್ಲಿಗೆ ಲೆಕ್ಕ ಸಮವಾಯಿತು.

ಊಟದ್ದೇ ಕಷ್ಟ. ನಮ್ಮ ಮನೆಯಲ್ಲಿ ಮೀನು ಮಾಂಸದ ಹೆಸರೂ ಎತ್ತುವಂತಿಲ್ಲ. ಊಟದ ಮನೆಯಲ್ಲಿ ಬರೀ ತೆಂಗಿನಕಾಯಿ ಚಟ್ನಿ ಕೊಡಪ್ಪ ಎಂದೆ. ಕೊಟ್ಟ. ಬಹಳ ರುಚಿಯಾಗಿತ್ತು. ಇನ್ನೊಂದು ಸಲ ಹಾಕಿಸಿಕೊಳ್ಳುವಾಗ, ಇದರಲ್ಲಿ ಇಷ್ಟು ಘಮ ಹೇಗೆ ಬಂತು ಎಂದು ನನ್ನ ತಾಳವಾಡಿ ಸಂತೆಯ ತಮಿಳಿನಲ್ಲಿ ವಿಚಾರಿಸಿದೆ. ಒಣಗಿಸಿದ ಮೀನನ್ನು ಕುಟ್ಟಿ ಹಾಕಿದ್ದೇವೆ ಎಂದ. ಅಂದಿನಿಂದ ಅಕ್ಕನ ಮನೆ ಸೇರುವವರೆಗೆ ಬಾಳೆಹಣ್ಣು, ಎಳನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ.

ಭಾವನ ಹಳ್ಳಿ

ಕೊಲಂಬೊದಿಂದ ತೆಂಕಲಿಗೆ ಹೋಗುವ ರೈಲು ಸಮುದ್ರದ ಅಂಚಿನಲ್ಲೇ ಓಡುತ್ತದೆ. ಕಿಟಕಿಯಿಂದ ಕೈ ಚಾಚಿದರೆ ಅಲೆ ಸಿಗಬೇಕು, ಅಷ್ಟು ಹತ್ತಿರ. ಭಾವನ ಹಳ್ಳಿಯಲ್ಲಿ ಸಮುದ್ರಕ್ಕೂ ರೈಲು ಹಳಿಗೂ ನಡುವೆ ಒಂದು ಸಾಲು ಮನೆ. ಬಹಳಷ್ಟು ಮೀನುಗಾರರವು. ಸಾಲಿನ ಹಿಂದೆ ಸ್ವಲ್ಪ ಎತ್ತರದಲ್ಲಿ ಭಾವನ ಮನೆ. ಅಕ್ಕ ನನ್ನನ್ನು ನೋಡಿದ ಮೇಲೆ ಅತ್ತಳು. ರಾಗಿಹಿಟ್ಟು ನೋಡಿದ ಮೇಲೆ ಇನ್ನೂ ಸ್ವಲ್ಪ ಅತ್ತಳು.

ಭಾವ ನನ್ನನ್ನು ಅಂಗಳಕ್ಕೆ ಕರೆದೊಯ್ದು ಆಳೆತ್ತರದ ಬಿಳಿಕಲ್ಲಿನ ರಾಶಿ ತೋರಿಸಿದರು. ಕೆಲವು ಹೂಕೋಸಿನಂತೆ, ಕೆಲವು ಎಲೆ ಉದುರಿದ ಗಿಡದ ರೆಂಬೆಯಂತೆ. ಎಲ್ಲದರ ಮೈಯಲ್ಲೂ ಸೂಜಿಯಲ್ಲಿ ಚುಚ್ಚಿದ ಹಾಗೆ ತೂತು.

“ಇದೇ ಕಣ್ಲಾ ಮಾದೇವ, ಹವಳ. ನಿಮ್ ಬೀದಿ ಎಂಗಸ್ರಿಗೆ ಎಷ್ಟು ಗಾಡಿ ಬೇಕು ಯೋಳು” ಎಂದರು.

ಕೆಂಪಗಿಲ್ಲವಲ್ಲ ಎಂದೆ. ಸರಕ್ಕೆ ಪೋಣಿಸುವ ಕೆಂಪು ಹವಳ ಬೇರೆ ಸಮುದ್ರದ್ದಂತೆ. ಇಲ್ಲಿಯದು ಸುಡುವ ಹವಳ. ದಡದಿಂದ ತುಸು ದೂರದಲ್ಲಿ, ನೀರಿನೊಳಗೆ ಉದ್ದಕ್ಕೂ ದಿಬ್ಬ ಹಾಕಿಕೊಂಡು ಇದೆ. ಆಳುಗಳು ನೀರು ಇಳಿದ ಹೊತ್ತಿನಲ್ಲಿ ಹೋಗಿ ಹಾರೆಯಲ್ಲಿ ಮೀಟಿ ತರುತ್ತಾರೆ. ಒಂದು ತುಂಡನ್ನು ನಮ್ಮ ರೀತಿಯಲ್ಲಿ ಸುಟ್ಟು, ನೀರೆರೆದು ಅರಳಿಸಿ ನೋಡಿದೆ. ಮಲ್ಲಿಗೆಯಂಥ ಸುಣ್ಣ. ನಮ್ಮ ಹೊಲದ ಬದುವಿನ ಸುಣ್ಣಕಲ್ಲು ಏಳು ಜನ್ಮ ಎತ್ತಿದರೂ ಆ ಬಿಳುಪು ಬರುವುದಿಲ್ಲ. ಆ ದಿನವೇ ಹಗ್ಗ ಹಿಡಿದು ನೆಲದ ಮೇಲೆ ಗೂಡಿನ ಸುತ್ತಳತೆ ಗೀಚಿದೆ. ನಮ್ಮ ಊರಿನದಕ್ಕಿಂತ ದೊಡ್ಡದನ್ನೇ ಗೀಚಿದೆ.

ಒಂದೇ ಕಿರಿಕಿರಿ ಎಂದರೆ ವಾಸನೆ. ಹಗಲಿಡೀ ಮೂಗಿಗೆ ಏನೋ ಕೊಳೆತ ನಾತ ಬಡಿಯುತ್ತಿತ್ತು. ಪೂಜೆಗೆ ಕುಳಿತು ಅಂಗೈ ಮೇಲೆ ಲಿಂಗ ಇಟ್ಟುಕೊಂಡರೂ ಮೂಗು ಮಾತ್ರ ಕೇರಿಯ ಕಡೆಗೇ. ಈ ಮೀನಿನ ಜನರ ನಡುವೆ ಹೇಗೆ ಬಾಳುತ್ತೀಯೋ ಎಂದು ಅಕ್ಕನ ಮುಂದೆ ದಿನಾ ಗೊಣಗಿದೆ. ಅಕ್ಕ ಕೆಲವು ದಿನ ಕೇಳಿಸಿಕೊಂಡಳು. ಆಮೇಲೆ ಒಂದು ಬೆಳಗ್ಗೆ ನನ್ನ ತೋಳು ಹಿಡಿದು ಅಂಗಳಕ್ಕೆ ಎಳೆದೊಯ್ದು, ಹಿಂದಿನ ದಿನ ತಂದು ಹಾಕಿದ್ದ ಹೊಸ ಕಲ್ಲಿನ ಮುಂದೆ ನಿಲ್ಲಿಸಿದಳು.

“ಮೂಸು. ನಾತ ಅವರ ಮೀನಿಂದಲ್ಲ ಕಣಪ್ಪ, ನಮ್ಮ ಅಂಗಳದ್ದೇಯ” ಎಂದಳು.

ಮೂಸಿದೆ. ಕಲ್ಲಿನ ಮೇಲೆ ಲೋಳೆ ಇತ್ತು. ಅದು ಬಿಸಿಲಿಗೆ ಕೊಳೆಯುತ್ತಿತ್ತು. ಕಲ್ಲು ಎಲ್ಲಾದರೂ ಕೊಳೆಯುತ್ತದೆಯೇ ಎಂದು ಕೇಳಿದೆ. ಜೀವ ಇದ್ದದ್ದು ಕೊಳೆಯುತ್ತದೆ ಎಂದಳು. ನೆರೆಯವರ ಒಲೆಯ ಮೇಲಿನ ಒಂದು ಮೀನಿಗೆ ಮೂಗು ಮುಚ್ಚಿದ್ದ ನನಗೆ, ನಮ್ಮದೇ ಅಂಗಳದಲ್ಲಿ ಇಷ್ಟೆತ್ತರದ ರಾಶಿ ಒಣಗುತ್ತಿದ್ದದ್ದು ತಿಳಿಯಲಿಲ್ಲ. ಅವತ್ತಿನ ಪೂಜೆ ಬೇಗ ಮುಗಿಯಿತು.

ಎಲೆಯ ಕಟ್ಟು

ಮಾರನೆಯ ದಿನ ಭಾವ ಕೆಲಸದ ಮೇಲೆ ಪಟ್ಟಣಕ್ಕೆ ಹೋಗಿದ್ದರು. ಬೆಳಗ್ಗೆ ಕೇರಿಯ ಕೆಲವರು ಬಂದರು. ಮುಂದೆ ನಿಂತವನ ಹೆಸರು ಪಿಯದಾಸ. ಸಮುದ್ರಕ್ಕೆ ಎಲ್ಲರಿಗಿಂತ ಹತ್ತಿರದ ಮನೆ ಅವನದು. ತಮಿಳರ ಸೀಮೆಯಾದ ಮನ್ನಾರಿನ ಕಡೆ ದುಡಿದು ಬಂದವನಾದ್ದರಿಂದ ಅವನಿಗೂ ಚೂರುಪಾರು ತಮಿಳು ಬರುತ್ತಿತ್ತು. ಅವನ ತಮಿಳು, ನನ್ನ ತಮಿಳು ಎರಡೂ ಸೇರಿದರೆ ಒಬ್ಬ ಮನುಷ್ಯನಿಗೆ ಸಾಲುವಷ್ಟಿತ್ತು. ಅವನು ಬಗ್ಗಿ, ಎರಡೂ ಕೈಯಿಂದ ವೀಳ್ಯದೆಲೆಯ ಒಂದು ಕಟ್ಟು ನನ್ನ ಮುಂದೆ ಹಿಡಿದ.

ನನಗೆ ಎಲೆಯೆಂದರೆ ಪ್ರಾಣ. ಹೊರಗಿನಿಂದ ಬಂದ ನೆಂಟನಿಗೆ ಮರ್ಯಾದೆ ಮಾಡುತ್ತಿದ್ದಾರೆ, ಎಷ್ಟು ಒಳ್ಳೆಯ ಜನ ಎಂದುಕೊಂಡೆ. ನಮ್ಮಲ್ಲಿ ಮಾತು ಕಟ್ಟುವ ವೀಳ್ಯಕ್ಕೆ ತಟ್ಟೆ ಇರುತ್ತದೆ, ಅಡಿಕೆ ಕಾಯಿ ಇರುತ್ತವೆ, ಹಿರಿಯರು ಕುಳಿತಿರುತ್ತಾರೆ. ಇದು ಬರೀ ಎಲೆ. ಧಾರಾಳವಾಗಿ ತೆಗೆದುಕೊಂಡೆ. ಅಷ್ಟಕ್ಕೇ ನಿಲ್ಲದೆ, ಅವರ ಎದುರೇ ಎರಡು ಎಲೆ ಮಡಿಸಿ, ಚಾಮರಾಜನಗರದ ಸುಣ್ಣ ಹಚ್ಚಿ, ಬಾಯಿಗೆ ಹಾಕಿಕೊಂಡು, ಬಹಳ ಚೆನ್ನಾಗಿದೆ ಎಂದೆ. ಅವರ ಮುಖಗಳು ಅರಳಿದ್ದು ನೋಡಿ ನನಗೂ ಸಂತೋಷವಾಯಿತು. ಪಿಯದಾಸ ನನ್ನನ್ನು ತನ್ನ ದೋಣಿಯಲ್ಲಿ ಸಮುದ್ರ ತೋರಿಸಲು ಕರೆದ. ಮರ್ಯಾದೆ ಮಾಡಿದವರ ಮಾತಿಗೆ ಇಲ್ಲ ಎನ್ನಲಾಗಲಿಲ್ಲ.

ದಿಬ್ಬದ ಮೇಲೆ

ಅವರ ದೋಣಿ ಬಲು ಕಿರಿದು. ಕಾಲೆರಡನ್ನೂ ಜೋಡಿಸಿಯೇ ಕೂರಬೇಕು. ಮಗುಚದಂತೆ ಒಂದು ಪಕ್ಕಕ್ಕೆ ಮರದ ದಿಮ್ಮಿಯೊಂದನ್ನು ಕಟ್ಟಿರುತ್ತಾರೆ. ಈಜು ಬಾರದ ನಾನು ಆ ದಿಮ್ಮಿಯನ್ನೇ ಕುಲದೇವರೆಂದು ನಂಬಿ ಕುಳಿತೆ. ನೀರು ಇಳಿದ ಹೊತ್ತು. ದಿಬ್ಬದ ಮೇಲೆ ಬಂದಾಗ ಪಿಯದಾಸ, ಬಗ್ಗಿ ನೋಡಿ ಎಂದ.

ನೋಡಿದೆ. ಅಂಗಳದಲ್ಲಿ ಸತ್ತು ಬೆಳ್ಳಗೆ ಬಿದ್ದಿದ್ದ ರೆಂಬೆಗಳೆಲ್ಲ ಇಲ್ಲಿ ಬಣ್ಣ ಉಟ್ಟುಕೊಂಡು ನಿಂತಿದ್ದವು. ಅರಿಸಿನ, ನೇರಳೆ, ಎಳೆಚಿಗುರಿನ ಹಸುರು. ಸಂದುಗಳಲ್ಲಿ ಬೆರಳುದ್ದದ ನೀಲಿ ಮೀನುಗಳು, ನಮ್ಮನ್ನು ಕಂಡು ಒಳಕ್ಕೆ ಸರಿದು, ತಿರುಗಿ ಇಣುಕಿದವು. ನಾನು ಜೀವಮಾನದಲ್ಲಿ ಕಂಡ ಚೆಲುವಾದ ವಸ್ತುಗಳಲ್ಲಿ ಅದು ಒಂದು. ಅದನ್ನು ಎಷ್ಟು ಸೌದೆಯಲ್ಲಿ ಬೇಯಿಸಬಹುದು ಎಂದು ಕೆಲವು ದಿನದ ಹಿಂದೆ ಲೆಕ್ಕ ಹಾಕಿದ್ದ ತಲೆಯೂ ನನ್ನದೇ.

ಸ್ವಲ್ಪ ಮುಂದೆ ದಿಬ್ಬ ತಟ್ಟನೆ ನಿಂತುಹೋಗಿತ್ತು. ಹಾರೆ ಬಿದ್ದ ಜಾಗ. ತಳದಲ್ಲಿ ಬರೀ ಪುಡಿ, ಬೂದುಬಣ್ಣ. ಮೀನೂ ಇರಲಿಲ್ಲ. ಪಿಯದಾಸ ಅಲ್ಲಿಂದ ದಡದ ಕಡೆಗೆ ಕೈ ಚಾಚಿದ. ಆ ಕಂಡಿಗೆ ನೇರವಾಗಿ ಅವನ ಮನೆ. ಹೋದ ಮಳೆಗಾಲದಲ್ಲಿ ಸಮುದ್ರ ಅವನ ಅಡಿಗೆಮನೆಯನ್ನು ಎತ್ತಿಕೊಂಡು ಹೋಗಿತ್ತಂತೆ. ಅದಕ್ಕೆ ಮುಂಚೆ ಅಷ್ಟು ದೂರ ಎಂದೂ ಬಂದಿರಲಿಲ್ಲವಂತೆ.

ಆಗ ನನಗೆ ಅರ್ಥವಾಯಿತು. ಇದು ಏರಿ. ನಮ್ಮಲ್ಲಿ ಕೆರೆ ಏರಿಯಿಂದ ಒಂದು ಕಲ್ಲು ಎತ್ತಿದವನನ್ನು ಊರು ಸುಮ್ಮನೆ ಬಿಡುವುದಿಲ್ಲ. ಹುತ್ತವನ್ನೂ ಅಷ್ಟೆ, ಉಳುವಾಗ ನೇಗಿಲು ತಿರುಗಿಸಿಕೊಂಡು ಹೋಗುತ್ತೇವೆಯೇ ಹೊರತು ಒಡೆಯುವುದಿಲ್ಲ. ಇದು ಎರಡೂ ಆಗಿತ್ತು. ಸಣ್ಣ ಜೀವಗಳು ಕಟ್ಟಿದ ಹುತ್ತ, ಅದೇ ಊರಿನ ಏರಿ. ಅದನ್ನು ಮೀಟಿ ತಂದು ಸುಡಲು, ದೊಡ್ಡ ಹೊಟ್ಟೆಯ ಗೂಡೊಂದನ್ನು ಕಟ್ಟಿಕೊಡಲು ನಾನು ಸಮುದ್ರ ದಾಟಿ ಬಂದಿದ್ದೆ.

“ನೀವು ನಮ್ಮ ಎಲೆ ತಗೊಂಡಿರಿ. ಗೂಡು ಕಟ್ಟೋದಿಲ್ಲ ಅಂತ ನಮ್ಮ ಹೆಂಗಸರಿಗೆಲ್ಲ ಹೇಳಿಬಿಟ್ಟಿದ್ದೀನಿ” ಎಂದ ಪಿಯದಾಸ.

ಅವರ ಕಡೆ ಏನಾದರೂ ಬೇಡುವಾಗ ಎಲೆಯ ಕಟ್ಟು ಹಿಡಿಯುವುದಂತೆ. ತೆಗೆದುಕೊಂಡರೆ ಒಪ್ಪಿದ ಹಾಗೆ. ನಾನೋ ತೆಗೆದುಕೊಂಡದ್ದಷ್ಟೇ ಅಲ್ಲ, ಚೆನ್ನಾಗಿದೆ ಎಂದು ಅಗಿದು ನುಂಗಿದ್ದೆ.

ಅಕ್ಕನ ಪಡಸಾಲೆ

ಭಾವ ಬಂದೊಡನೆ ಹೇಳಿದೆ. ಮೊದಲು ನಕ್ಕರು. ತಿಳಿಯದೆ ತೆಗೆದುಕೊಂಡೆ, ತಿರುಗಿ ಕೊಟ್ಟು ಬಾ ಎಂದರು. ಅಗಿದು ನುಂಗಿದ ಎಲೆಯನ್ನು ಎಲ್ಲಿಂದ ತಿರುಗಿ ಕೊಡಲಿ ಎಂದೆ. ಆಗ ಅವರಿಗೆ ಕೋಪ ಬಂತು. ಸುಳ್ಳಲ್ಲ, ಅವರ ಪಾಡೂ ಇತ್ತು. ಮೆಣಸಿನಲ್ಲಿ ಕೈಸುಟ್ಟುಕೊಂಡು ಈ ಸುಣ್ಣಕ್ಕೆ ಬಂದವರು. ಇದೂ ನಿಂತರೆ ಆ ವಯಸ್ಸಿನಲ್ಲಿ ಇನ್ನೊಂದು ಕಸುಬು ಹುಡುಕಬೇಕು. ಸುಣ್ಣವಿಲ್ಲದೆ ಊರವರು ಮನೆ ಕಟ್ಟುವುದು ಹೇಗೆ, ಹಾರೆ ಹಿಡಿದವರು ಉಣ್ಣುವುದು ಹೇಗೆ ಎಂದೂ ಕೇಳಿದರು.

“ವೀಳ್ಯ ತಕ್ಕೊಂಡ್ಮ್ಯಾಲೆ ಮಾತು ಮುಗ್ದಂಗೆ ಅಲ್ವಾ ಬಾವ. ನಮ್ಮೂರಲ್ಲಾದ್ರೆ ನೀವೇ ಇಂಗಂತಿದ್ರಾ?” ಎಂದೆ.

ಭಾವನಿಗೂ ಆ ಪದ್ಧತಿ ಮೀರಿ ಮಾತಾಡಲು ಬಾಯಿ ಬರಲಿಲ್ಲ. ನಾನು ನಿನ್ನನ್ನು ಮೊದಲೇ ಕರೆಸಿದ್ದೇನಲ್ಲ ಎಂದರು. ಕರೆಸಿದ್ದೀರಿ, ವೀಳ್ಯ ಕೊಟ್ಟಿಲ್ಲ ಎಂದೆ. ಹೆಂಡತಿಯ ತಮ್ಮನಿಗೂ ವೀಳ್ಯ ಕೊಟ್ಟು ಕರೆಸಬೇಕೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ. ಹಾಗಾದರೆ ಈಗಲೇ ಕೊಡುತ್ತೇನೆ, ಒಂದಕ್ಕೊಂದು ವಜಾ ಆಗಲಿ ಎಂದು ಎದ್ದರು.

“ಗೌರಾ, ತಟ್ಟೇಲಿ ಎಲೆ ಅಡ್ಕೆ ಇಟ್ಕೊಂಡು ಬಾ.”

ಒಳಗಿನಿಂದ ಅಕ್ಕ ಬಂದಳು. ಕೈಯಲ್ಲಿ ತಟ್ಟೆ ಇರಲಿಲ್ಲ.

“ಎಲೆ ಮುಗ್ದೋಯ್ತು” ಎಂದಳು.

ಅಕ್ಕನ ಮನೆಯಲ್ಲಿ ಅಕ್ಕಿ ಮುಗಿದದ್ದುಂಟು, ಎಲೆ ಮುಗಿದದ್ದಿಲ್ಲ. ಅದನ್ನು ಹೇಳುವಾಗಲೂ ಅವಳ ಬಾಯಿ ಕೆಂಪಗಿತ್ತು. ಭಾವ ಅವಳ ಬಾಯಿಯನ್ನೇ ನೋಡಿದರು. ನಾನು ಸೂರಿನ ಕಡೆ ನೋಡಿದೆ.

ಅಕ್ಕ ಕಂಬಕ್ಕೆ ಒರಗಿ ಕುಳಿತಳು. ಇಷ್ಟು ದಿನ ನುಂಗಿಕೊಂಡಿದ್ದ ಮಾತನ್ನು ಆಗ ಆಡಿದಳು. “ಪಿಯದಾಸನ ಎಂಡ್ತಿ ಅಡ್ಗೆಮನೆ ಕೊಚ್ಕೊಂಡೋದ ದಿನ ಮಡಕೆ ಎತ್ಕಂಡು ನಮ್ಮನೆಗೇ ಓಡ್ಬಂದ್ಲು. ನಾನು ಒಲೆ ಬುಟ್ಕೊಟ್ಟೆ. ಅವರಂಗ್ಳ ಆದ್ಮ್ಯಾಲೆ ನಮ್ಮಂಗ್ಳವೇ ಅಲ್ವಾ? ನಂಗೆ ಭಯ ಆಯ್ತದೆ. ಅವಳ ಮೊಕ ನೋಡಕ್ಕೂ ನಾಚ್ಕೆ ಆಯ್ತದೆ.”

ಭಾವ ಎದ್ದು ಹೊರಗೆ ಹೋದರು. ಗೂಡು ಬೇಕು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಹಾರೆಯವರು ಎಂದಿನಂತೆ ಕೆಲಸಕ್ಕೆ ಹೋಗುತ್ತಲೇ ಇದ್ದರು. ಕೆಲವು ದಿನ ನಾನು ಅಳತೆ ಗೀಚಿದ ಸುತ್ತಿನ ಪಕ್ಕ ಸುಮ್ಮನೆ ಕುಳಿತೆ. ಅಕ್ಕ ಇಬ್ಬರಿಗೂ ಮುದ್ದೆ ಬಡಿಸುತ್ತಿದ್ದಳು. ನಾವು ಇಬ್ಬರೂ ಅವಳೊಡನೆ ಮಾತಾಡುತ್ತಿದ್ದೆವು, ನಮ್ಮ ನಮ್ಮಲ್ಲಿ ಇಲ್ಲ.

ಮಳೆಗಾಲದ ಮೊದಲ ಅಲೆ

ನಮ್ಮಲ್ಲಿ ಮುಂಗಾರು ಬಂದರೆ ಜನ ಆಕಾಶ ನೋಡುತ್ತಾರೆ. ಅಲ್ಲಿ ಸಮುದ್ರ ನೋಡುತ್ತಾರೆ. ಒಂದು ಮಧ್ಯಾಹ್ನ ಗಾಳಿ ತಿರುಗಿತು. ಕೇರಿಯವರೆಲ್ಲ ಹೊರಗೆ ಬಂದು ನಿಂತರು. ನಾನೂ ಭಾವನೂ ಹೋದೆವು.

ಎಡಗಡೆ ದಿಬ್ಬ ಗಟ್ಟಿಯಿದ್ದ ಕಡೆ ಅಲೆ ಎಷ್ಟೋ ದೂರದಲ್ಲಿ ಬೆಳ್ಳಗೆ ಮುರಿದು ಬೀಳುತ್ತಿತ್ತು. ದಡಕ್ಕೆ ಬರುವಷ್ಟರಲ್ಲಿ ಬರೀ ನೊರೆ. ಮಕ್ಕಳು ಅದರಲ್ಲಿ ಕಾಲಾಡಿಸುತ್ತಿದ್ದರು. ಹಾರೆ ಬಿದ್ದ ಕಂಡಿಯ ಕಡೆ ಅದು ಮುರಿಯಲೇ ಇಲ್ಲ. ಇಡಿಯಾಗಿ ಬಂತು. ಪಿಯದಾಸನ ಮುಂದಿನ ಗೋಡೆಗೆ ಒಂದು ಸಲ ಬಡಿಯಿತು, ಎರಡನೆಯ ಸಲ ಬಡಿದಾಗ ಗೋಡೆಯ ಮೂಲೆ ಕುಸಿಯಿತು. ಅಕ್ಕ ಯಾವಾಗ ನಮ್ಮನ್ನು ದಾಟಿ ಓಡಿದಳೋ ಕಾಣೆ, ಆ ಮನೆಯ ಬಾಗಿಲಿನಿಂದ ಅಕ್ಕಿಯ ಡಬ್ಬ ಹೊತ್ತು ಬರುತ್ತಿದ್ದಳು. ಅವಳ ಹಿಂದೆ ಪಿಯದಾಸನ ಹೆಂಡತಿ, ಸೊಂಟದಲ್ಲಿ ಮೊಮ್ಮಗು. ನಾವೂ ನುಗ್ಗಿ ಕೈಗೆ ಸಿಕ್ಕಿದ್ದನ್ನು ಎತ್ತಿದೆವು. ಭಾವ ಮೀನಿನ ಬಲೆಯನ್ನು ಹೆಗಲ ಮೇಲೆ ಹಾಕಿಕೊಂಡು ಬಂದರು. ಅವರ ಹಣೆಯ ವಿಭೂತಿ ಉಪ್ಪುನೀರಿಗೆ ತೊಳೆದುಹೋಗಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಮನೆ ಅರ್ಧ ಹೋಯಿತು.

ಮಾರನೆಯ ಬೆಳಗ್ಗೆ ನೀರು ಹಿಂದೆ ಸರಿದಿತ್ತು. ಹಾರೆಯವರು ಅಂಗಳಕ್ಕೆ ಬಂದು ಭಾವನ ಅಪ್ಪಣೆಗೆ ಕಾದು ನಿಂತರು. ಭಾವ ಅವರನ್ನು ಅಲ್ಲೇ ಬಿಟ್ಟು ಪಿಯದಾಸನ ಹತ್ತಿರ ಹೋಗಿ ಸಿಂಹಳ ಭಾಷೆಯಲ್ಲಿ ಏನೋ ಕೇಳಿದರು. ಪಿಯದಾಸ ಮೊಮ್ಮಗುವಿನ ಕಡೆ ನೋಡಿಕೊಂಡು ಏನೋ ಹೇಳಿದ. ನನಗೆ ಅಕ್ಕ ಬಿಡಿಸಿ ಹೇಳಿದಳು. ಆ ಕಂಡಿ ತಿರುಗಿ ಮುಚ್ಚಿಕೊಳ್ಳಲು ಎಷ್ಟು ಕಾಲ ಬೇಕು ಎಂದು ಭಾವ ಕೇಳಿದ್ದರು. ನಾನು ಕಾಣುವುದಿಲ್ಲ, ನೀವೂ ಕಾಣುವುದಿಲ್ಲ, ಈ ಕೂಸು ಮುದುಕನಾದಾಗ ಕಂಡರೆ ಕಂಡೀತು ಎಂದು ಅವನು ಹೇಳಿದ್ದ.

ಭಾವ ನನ್ನ ಕಡೆ ತಿರುಗಿದರು. ಎಷ್ಟೋ ದಿನದ ಮೇಲೆ ನನ್ನೊಡನೆ ಆಡಿದ ಮೊದಲ ಮಾತು ಅದು. “ನಮ್ಮೂರ ಕೆರೆ ಏರಿ ಒಡ್ದಾಗ ಒಂದ್ ಬ್ಯಾಸ್ಗೇಲಿ ಕಟ್ಬುಟ್ವಲ್ಲೋ ಮಾದೇವ.”

“ಅದ ಕಟ್ಟಿದ್ದು ನಾವು ಬಾವ. ಇದ ನಾವು ಕಟ್ಟಿಲ್ಲ” ಎಂದೆ.

ಅವರು ಅಂಗಳಕ್ಕೆ ಹಿಂದಿರುಗಿ ಹಾರೆಗಳನ್ನು ಕೆಳಗೆ ಇಡಿಸಿದರು. ರಾಶಿಯನ್ನು ತೋರಿಸಿ, ಪಿಯದಾಸನ ಗೋಡೆಯ ಮುಂದೆ ಒಡ್ಡು ಹಾಕಿ ಎಂದರು. ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಮುದ್ರದಿಂದ ತಂದದ್ದನ್ನು ತಿರುಗಿ ಸಮುದ್ರದ ಕಡೆಗೆ ಹೊರಿಸುವ ಯಜಮಾನನನ್ನು ಅವರು ಕಂಡಿರಲಿಲ್ಲ. ಭಾವ ಪಂಚೆ ಎತ್ತಿ ಕಟ್ಟಿ ಮೊದಲ ಕಲ್ಲನ್ನು ತಾವೇ ಎತ್ತಿದರು.

ನಾನೂ ಹೊತ್ತೆ. ಕಲ್ಲುಗಳು ಹಗುರವಾಗಿದ್ದವು. ಹಳೆಯವು ಬಿಸಿಲಿಗೆ ಒಣಗಿ ಅವುಗಳ ನಾತವೂ ಹೋಗಿತ್ತು. ನಾವು ಇಟ್ಟಲ್ಲಿ ಅವು ಇರುತ್ತವೆ, ಒಂದೆರಡು ಮಳೆಗಾಲ ಅಲೆಗೆ ಅಡ್ಡ ನಿಲ್ಲಲೂಬಹುದು. ಬೆಳೆಯುವುದಂತೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಒಡ್ಡು ಮೊಳಕಾಲೆತ್ತರ ಬಂತು. ಪಿಯದಾಸ ಹತ್ತಿರ ಬಂದು ಭಾವನಿಗೆ ಕೈಮುಗಿದ. ಭಾವ ಅವನ ಮುಖ ನೋಡಲಾರದೆ, ಇನ್ನೊಂದು ಕಲ್ಲಿಗೆ ಬಗ್ಗಿದರು.